ಮನೆಮಗನ ಆಯ್ಕೆ

ಒಂದೇ ಕಂಬಕ್ಕೆ ಎರಡು ಫ್ಲೆಕ್ಸ್. ಮೇಲಿನದರಲ್ಲಿ ‘ಹುಬ್ಬಳ್ಳಿ-ಧಾರವಾಡದ ಏಕೈಕ ಮನೆಮಗ’. ಕೆಳಗಿನದರಲ್ಲೂ ‘ಹುಬ್ಬಳ್ಳಿ-ಧಾರವಾಡದ ಏಕೈಕ ಮನೆಮಗ’. ಮುಖ ಮಾತ್ರ ಬೇರೆ. ನೀವೂ ನೋಡಿರುತ್ತೀರಿ, ಯಾರದು ಅಂತ ನಾನು ಹೇಳಬೇಕಾಗಿಲ್ಲ. ಒಂದು ಮನೆಗೆ ಇಬ್ಬರು ಏಕೈಕ ಮಕ್ಕಳು ಹೇಗೆ ಅಂತ ಹೆತ್ತವಳನ್ನೇ ಕೇಳಬೇಕು. ಅವಳಿಗೆ, ಅಂದರೆ ಊರಿಗೆ, ಬಾಯಿಲ್ಲ. ಇದ್ದರೂ ಧೂಳು ಹೋಗುತ್ತದೆ ಅಂತ ಮುಚ್ಚಿಕೊಂಡೇ ಇರುತ್ತಿದ್ದಳು.

ಫ್ಲೆಕ್ಸಿಗೂ ಒಂದು ವ್ಯಾಕರಣ ಇದೆ. ನಡುವೆ ನಾಯಕ, ಬಿಳಿ ಅಂಗಿ, ಕೂಲಿಂಗ್ ಗ್ಲಾಸು. ಕಿವಿಗೆ ಮೊಬೈಲು. ಯಾರ ಜೊತೆ ಮಾತಾಡುತ್ತಿದ್ದಾನೋ ಗೊತ್ತಿಲ್ಲ, ಬಹುಶಃ ಫ್ಲೆಕ್ಸ್ ಪ್ರಿಂಟ್ ಮಾಡಿದವನ ಬಾಕಿ ವಿಚಾರ ಇರಬೇಕು. ಕೆಳಗೆ ಶುಭ ಕೋರುವವರು, ಸ್ಟಾಂಪ್ ಸೈಜಿನ ಮುಖಗಳು. ಮೇಲೆ ಸಾಲಾಗಿ ಮಹಾತ್ಮರು. ಬಸವಣ್ಣ, ಅಂಬೇಡ್ಕರ್, ಚನ್ನಮ್ಮ, ರಾಯಣ್ಣ. ವಾರ್ಡು ಬದಲಾದ ಹಾಗೆ ಮಹಾತ್ಮರೂ ಬದಲಾಗುತ್ತಾರೆ. ಹೆಸರಿನ ಹಿಂದೆ ‘ಡಾ.’ ಇದ್ದರೆ ಗೌರವ ಡಾಕ್ಟರೇಟ್ ಅಂತ ತಿಳಿಯಿರಿ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೈಡ್ ಮನೆಗೆ ಅಲೆದಲೆದು ಚಪ್ಪಲಿ ಸವೆಸಿಕೊಂಡ ಹುಡುಗರು ಅದೇ ಕಂಬದ ಕೆಳಗೆ ಬಸ್ಸಿಗೆ ಕಾಯುತ್ತಿರುತ್ತಾರೆ.

ಇನ್ನೊಂದು ವಿಷಯ. ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆ. ಅಂದರೆ ನಮ್ಮಲ್ಲಿ ಮನೆಮಗ ಆಗೋಕೆ ಮೊದಲ ಅರ್ಹತೆಯೇ ಕಾನೂನು ಮುರಿಯೋದು. ಅದೂ ಹಗಲಲ್ಲಿ, ಆಳೆತ್ತರ, ಸ್ವಂತ ಫೋಟೋ ಮತ್ತು ಮೊಬೈಲ್ ನಂಬರ್ ಸಮೇತ. ಇಷ್ಟು ಪ್ರಾಮಾಣಿಕ ಅಪರಾಧಿ ಸಿಕ್ಕರೂ ದಂಡ ಹಾಕೋಕೆ ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಇರಬೇಕು, ಅಚ್ಚುಮೆಚ್ಚು ಅನ್ನೋದು.

ಹೋಗಲಿ ಬಿಡಿ. ಈ ಇಬ್ಬರ ಜಗಳದಿಂದ ಒಂದು ಉಪಕಾರ ಆಗಿದೆ. ಗಿರಮಿಟ್ ಅಂಗಡಿಯಿಂದ ಹಿಡಿದು ಮದುವೆ ಮನೆಯ ಪಂಕ್ತಿವರೆಗೆ ಈಗ ಒಂದೇ ಚರ್ಚೆ: ‘ಹಂಗಾರ ನಮ್ಮೂರಾಗ ಎಲ್ಲಾರಿಗೂ ಬೇಕಾದಾಂವ ಯಾರು?’ ಸತ್ತವರೂ ಸ್ಪರ್ಧಿಸಬಹುದು ಅಂತ ಮೊದಲೇ ಒಪ್ಪಂದ ಆಯಿತು. ಬದುಕಿರುವವರಲ್ಲಿ ಒಬ್ಬರ ಹೆಸರು ತೆಗೆದರೆ ಇನ್ನೊಬ್ಬರು ಮಿರ್ಚಿ ಬಿಟ್ಟು ಎದ್ದು ಹೋಗುತ್ತಿದ್ದರು.

ಧಾರವಾಡದವರು ಬೇಂದ್ರೆ ಅಂದರು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಹುಬ್ಬಳ್ಳಿಯವನೊಬ್ಬ ಲೆಕ್ಕ ತೆಗೆದ. 1896ರಲ್ಲಿ ಹುಟ್ಟಿದ್ದು ಧಾರವಾಡ, ಒಪ್ಪಿದೆ. ಆದರೆ 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಪ್ರೊಫೆಸರ್ ಆಗಿದ್ದರಲ್ಲ? 1981ರಲ್ಲಿ ತೀರಿಕೊಂಡಿದ್ದು ಮುಂಬೈನಲ್ಲಿ ಅಲ್ವಾ? ‘ರಹವಾಸಿ ದಾಖಲೆ ತೋರಸ್ಬೇಕಾಗ್ತದ್ರಿ’ ಅಂದ. ಕವಿತೆ ಬರೆದಿದ್ದಕ್ಕೆ ಬ್ರಿಟಿಷರು ಜೈಲಿಗೆ ಹಾಕಿದರು, ಹೊರಗೆ ಬಂದ ಮೇಲೆ ವರ್ಷಗಟ್ಟಲೆ ನೆಟ್ಟಗೆ ಒಂದು ನೌಕರಿ ಇರಲಿಲ್ಲ. ಆ ಮಾತು ಯಾರೂ ಎತ್ತಲಿಲ್ಲ. ಎತ್ತಿದರೆ ಆಗ ಊರು ಏನು ಮಾಡುತ್ತಿತ್ತು ಅಂತ ಕೇಳಬೇಕಾಗುತ್ತದೆ.

ಹಾಗೆ ನೋಡಿದರೆ ಬೇಂದ್ರೆ ಹೆಸರು ನಮ್ಮ ಬಾಯಲ್ಲಿ ಜಾಸ್ತಿ ಓಡಾಡಿದ್ದು ಬಸ್ಸಿನ ದೆಸೆಯಿಂದ. ಬೇಂದ್ರೆ ನಗರ ಸಾರಿಗೆ ಅಂತ ಖಾಸಗಿ ಬಸ್ಸುಗಳು ಎರಡೂ ಊರಿನ ನಡುವೆ ಓಡುತ್ತಿದ್ದವು. ಸ್ಟಾಪಿನಲ್ಲಿ ಸುಮ್ನೆ ನಿಂತರೆ ಸಾಕಿತ್ತು.

‘ಬೇಂದ್ರೆ ಬಂತೇನ್ರಿ?’

‘ಈಗರ ಹೋತು ನೋಡ್ರಿ.’

‘ಏ ಬೇಂದ್ರೆ ಬ್ಯಾಡೋ ಮಾರಾಯ, ನಿಲ್ಲಾಕ ಜಾಗಾ ಇಲ್ಲ.’

‘ಬೇಂದ್ರೆದಾಗ ಹತ್ತಿದ್ರ ಚಿಲ್ಲರ ಇಟ್ಕೋಬೇಕು.’

1973ರ ಜ್ಞಾನಪೀಠದ ಕವಿಗೆ ಇಂಥ ನಿತ್ಯ ಸ್ಮರಣೆ ಬೇರೆ ಯಾವ ಊರಲ್ಲಿ ಸಿಕ್ಕೀತು ಹೇಳಿ. ಮೈಸೂರಿನವರು ಯಾವತ್ತಾದರೂ ಕುವೆಂಪು ಅವರ ಫುಟ್‌ಬೋರ್ಡಿನ ಮೇಲೆ ನೇತಾಡಿದ್ದಾರಾ? ನಾವು ಬೇಂದ್ರೆಯ ಬಾಗಿಲು ಹಿಡಿದು ನವನಗರದಿಂದ ಉಣಕಲ್ಲಿನವರೆಗೆ ಒಂದೇ ಕಾಲ ಮೇಲೆ ಬಂದವರು. ಆಮೇಲೆ ಬಸ್ಸಿಗೇ ಬೇರೆ ದಾರಿ ಮಾಡಿಕೊಡುವ ಬಿಆರ್‌ಟಿಎಸ್ ಬಂತು, ಅದರ ಎಸಿ ಬಸ್ಸು ಚಿಗರಿ ಬಂತು. ಸುಮಾರು 22 ಕಿಲೋಮೀಟರ್ ನಡುರಸ್ತೆಯನ್ನು ಚಿಗರಿಗೆ ಬರೆದುಕೊಟ್ಟು, ಬೈಕು, ಟಂಟಂ, ಟ್ರ್ಯಾಕ್ಟರು, ಎಮ್ಮೆ ಎಲ್ಲರನ್ನೂ ಬದಿಗೆ ಸರಿಸಿದರು. ಬದಿಯಲ್ಲಿ ಹಿಂಡಿಕೊಂಡು ನಿಂತವರು, ಖಾಲಿ ನಡುರಸ್ತೆಯಲ್ಲಿ ತಣ್ಣಗೆ ಹಾರಿ ಹೋಗುವ ಚಿಗರಿಯನ್ನು ನೋಡುತ್ತಾ ಆಡುವ ಮಾತುಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕೋಕೆ ಆಗುವುದಿಲ್ಲ.

ಎಲ್ಲಿದ್ದೆವು? ಹಾಂ, ಹುಬ್ಬಳ್ಳಿಯವರು ಸಿದ್ಧಾರೂಢ ಅಜ್ಜ ಅಂದರು. ಅಜ್ಜನ ಹೆಸರು ಬಂದರೆ ಎದುರು ಮಾತಿಲ್ಲ. ಆದರೂ ಧಾರವಾಡದ ಮಾಸ್ತರರೊಬ್ಬರು ಚಹಾ ಊದುತ್ತಾ, ‘ಅವರ ಮೂಲ ಬೀದರ ಕಡೆ ಚಳಕಾಪುರ ಅಲ್ಲೇನ್ರಿ’ ಅಂದೇಬಿಟ್ಟರು. ಮಾಸ್ತರರಿಗೆ ರಿಟೈರ್ ಆದ ಮೇಲೂ ಮಾರ್ಕು ಕಳೆಯುವ ಚಟ. ಅಜ್ಜನ ಹೆಸರನ್ನು ರೈಲ್ವೆ ಸ್ಟೇಷನ್ನಿಗೆ ಇಟ್ಟಿದ್ದೇವೆ. 1507 ಮೀಟರ್ ಪ್ಲಾಟ್‌ಫಾರ್ಮು, ಜಗತ್ತಿನಲ್ಲೇ ಉದ್ದ, 2023ರ ಮಾರ್ಚಿನಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದರು. ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗದೆ ಆ ತುದಿಯಿಂದ ಈ ತುದಿಗೆ ಗಂಟುಮೂಟೆ ಹೊತ್ತು ಓಡಿ ನೋಡಿ. ‘ಯಪ್ಪಾ ಸಿದ್ಧಾರೂಢಾ’ ಅನ್ನೋದು ತಾನಾಗಿಯೇ ಬಾಯಿಗೆ ಬರುತ್ತದೆ. ನಾಸ್ತಿಕರಿಗೂ.

ಹುಟ್ಟಿದ ಊರೇ ಲೆಕ್ಕ ಅನ್ನೋದಾದರೆ ಪೇಢೆಯೂ ಔಟ್. ಅದನ್ನು ಧಾರವಾಡಕ್ಕೆ ತಂದ ಮನೆತನ ಉತ್ತರ ಪ್ರದೇಶದ ಉನ್ನಾವ್ ಕಡೆಯದು. ಪ್ಲೇಗಿಗೆ ಹೆದರಿ ಊರು ಬಿಟ್ಟು ಬಂದವರು. ಇದನ್ನು ಕೇಳಿ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಬಾಯಲ್ಲಿ ಪೇಢೆ ಇದ್ದದ್ದೂ ಒಂದು ಕಾರಣ.

ಅಷ್ಟರಲ್ಲಿ ಗದಗಿನ ಬೀಗರು ಭೀಮಸೇನ ಜೋಶಿ ಅಂದರು. ಪುಣೆಯಲ್ಲಿ ಮನೆ ಮಾಡಿದವರು, ನಡೆಯಂಗಿಲ್ಲ ಅಂತ ಆಯಿತು. ಹಾಗಾದರೆ ಕುಮಾರವ್ಯಾಸ ಅಂದರು. ವೀರನಾರಾಯಣನ ಗುಡಿಯಲ್ಲಿ ಕೂತು ಬರೆದದ್ದು ಗದಗು ಸರಿ, ಆದರೆ ಊರು ನಮ್ಮ ಹುಬ್ಬಳ್ಳಿ ತಾಲೂಕಿನ ಕೋಳಿವಾಡ ಅಂತ ಇವರು ಎಳೆದರು. ಐದಾರು ನೂರು ವರ್ಷದ ಹಿಂದಿನ ಮನುಷ್ಯನ ವೋಟರ್ ಲಿಸ್ಟಿಗೆ ಬೀಗರಿಬ್ಬರು ಮಾತು ಬಿಟ್ಟಿದ್ದಾರೆ. ಬೀಗರ ಮಾತು ನಿಂತಿದ್ದು ಒಳ್ಳೆಯದೇ ಇರಬಹುದು.

ಈ ವಿಷಯದಲ್ಲಿ ಹಾವೇರಿಯವರೇ ಶಾಣ್ಯಾ. ಅವರು ಏಲಕ್ಕಿ ಹಾರ ಕಟ್ಟಿಟ್ಟುಕೊಂಡಿರುತ್ತಾರೆ. ಯಾವ ಪಕ್ಷದವರು ಬಂದರೂ ಅದೇ ಹಾರ, ಅದೇ ವಾಸನೆ, ಕೊರಳು ಮಾತ್ರ ಬೇರೆ. ಯಾರನ್ನೂ ನಿಜವಾಗಿ ಪ್ರೀತಿಸುವ ಗೋಜಿಲ್ಲ.

ಕೊನೆಗೆ ಗಂಗೂಬಾಯಿ ಹಾನಗಲ್ ಹೆಸರು ಬಂತು. ಇಲ್ಲಿಯವರೆಗೆ ನಕ್ಕಿದ್ದು ಸಾಕು ಅನ್ನಿಸಿತು. 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. ಬಾಳಿದ್ದು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ. ಹೆಸರಲ್ಲಿರುವ ಊರು ಹಾವೇರಿ ಜಿಲ್ಲೆಯದು. ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿಯೋಕೆ ರೈಲು ಹತ್ತಿ ಕುಂದಗೋಳಕ್ಕೆ ಹೋಗುತ್ತಿದ್ದ ಹೆಣ್ಣುಮಗಳು. 2002ರಲ್ಲಿ ಪದ್ಮವಿಭೂಷಣ. 2009ರಲ್ಲಿ ತೀರಿಕೊಂಡಾಗ ಕಣ್ಣನ್ನೂ ದಾನ ಮಾಡಿ ಹೋದರು. ಇಷ್ಟಾದ ಮೇಲೆ ಊರು ಏನು ಮಾಡಿತು? ಶುಕ್ರವಾರಪೇಟೆಯಲ್ಲಿ ಅವರು ಹುಟ್ಟಿದ ಮನೆಯನ್ನು ಸ್ಮಾರಕ ಅಂದಿತು, ಆಮೇಲೆ ಮರೆತಿತು. ಆ ಮನೆ ಹಾಳು ಬಿದ್ದ ಸುದ್ದಿ, ಫೋಟೋ ಸಮೇತ, ಪೇಪರಿನಲ್ಲಿ ಎಷ್ಟು ಸಲ ಬಂತು! ಪ್ರತಿ ಸಲವೂ ‘ಶೀಘ್ರ ಕ್ರಮ’ ಅಂತ ಉತ್ತರವೂ ಬಂತು. ಒಂದು ಮನೆ. ಅರಮನೆ ಏನಲ್ಲ, ಒಂದು ಸಣ್ಣ ಮನೆಯ ಗೋಡೆ ನಿಲ್ಲಿಸೋಕೆ ಆಗಲಿಲ್ಲ ನಮಗೆ. ಅದೇ ಊರಿನಲ್ಲಿ ಒಂದು ಹುಟ್ಟುಹಬ್ಬಕ್ಕೆ ಕ್ರೇನ್ ತಂದು ಸೇಬಿನ ಹಾರ ಹಾಕುತ್ತಾರೆ, ಜೆಸಿಬಿಯಿಂದ ಹೂವು ಸುರಿಯುತ್ತಾರೆ. ಆ ಜೆಸಿಬಿ ಒಂದು ದಿನ ಶುಕ್ರವಾರಪೇಟೆಗೆ ಬರಬಾರದಿತ್ತಾ? ಬ್ಯಾಡ ಬಿಡಿ. ಬಂದರೆ ನೆಲಸಮ ಮಾಡಿಯೇ ಹೋಗುತ್ತದೆ.

1962ರಿಂದ ಎರಡೂ ಊರಿಗೆ ಒಂದೇ ಪಾಲಿಕೆ ಇತ್ತು. ಧಾರವಾಡಕ್ಕೆ ಬೇರೆ ಪಾಲಿಕೆ ಅಂತ 2025ರ ಜನವರಿಯಲ್ಲಿ ಸಂಪುಟ ಒಪ್ಪಿತು. ಇನ್ನು ಗಂಗಜ್ಜಿಯ ಫೈಲೂ ಇಬ್ಭಾಗ. ಜಯಂತಿ ಧಾರವಾಡದ ಖರ್ಚು, ಪುಣ್ಯತಿಥಿ ಹುಬ್ಬಳ್ಳಿಯ ಖರ್ಚು. ಗೋಡೆ ಯಾರ ಖರ್ಚು ಅಂತ ಇನ್ನೊಂದು ಇಪ್ಪತ್ತು ವರ್ಷ ಪತ್ರವ್ಯವಹಾರ ನಡೆಸಬಹುದು.

ಪೌರಕಾರ್ಮಿಕರ ಹೆಸರನ್ನು ಯಾರೋ ಹೇಳಿದರು. ಎಲ್ಲರೂ ‘ಹೌದ್ ಹೌದ್, ಅವರss ಖರೇ ದೇವರು’ ಅಂದರು. ಕೊರೊನಾ ಕಾಲದಲ್ಲಿ ಅವರ ಮೇಲೆ ಹೂವು ಎರಚಿದ್ದು ನೆನಪಾಯಿತು. ನೇರವಾಗಿ ಸಂಬಳ ಕೊಡಿ, ನಡುವೆ ಗುತ್ತಿಗೆದಾರ ಬೇಡ ಅಂತ ಅದೇ ಜನ ಪಾಲಿಕೆ ಮುಂದೆ ಧರಣಿ ಕೂತಿದ್ದು ಮಾತ್ರ ಯಾರಿಗೂ ನೆನಪಾಗಲಿಲ್ಲ. ದೇವರಿಗೆ ಸಂಬಳ ಯಾಕೆ? ಪಿಎಫ್ ಯಾಕೆ? ನಮ್ಮ ಓಣಿ ಗುಡಿಸುವ ಅಕ್ಕನ ಹೆಸರೇನು ಅಂತ ಕೇಳಿದರೆ ಆ ಟೇಬಲ್ಲಿನಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ‘ಕಸದಾಕಿ’ ಅಂತಾರಂತೆ. ಸಾಕು, ಮುಂದೆ ಹೋಗೋಣ.

ಕಡೆಗೆ ಅವಿರೋಧವಾಗಿ ಗೆದ್ದವನು ವಾಲ್‌ಮನ್. ನೀರು ಬಿಡೋನು. ದಿನದ 24 ತಾಸೂ ನೀರು ಅನ್ನುವ ಯೋಜನೆ 2008ರಲ್ಲೇ ಕೆಲವು ಬಡಾವಣೆಗಳಲ್ಲಿ ಶುರುವಾಯಿತು. ಆ ಪುಣ್ಯವಂತರಿಗೆ ಈ ಪ್ರೀತಿ ಅರ್ಥ ಆಗುವುದಿಲ್ಲ. ಉಳಿದ ನಮಗೆ ಸವದತ್ತಿಯ ಮಲಪ್ರಭೆ ವಾರಕ್ಕೊಮ್ಮೆ ದರ್ಶನ ಕೊಡುತ್ತಾಳೆ, ಪೈಪ್ ಒಡೆದರೆ ಇನ್ನೂ ತಡ. ಅವಳಿಗೂ ನಮಗೂ ನಡುವೆ ಇರುವವನು ಒಂದು ಉದ್ದ ಕಬ್ಬಿಣದ ಕೀಲಿ ಹಿಡಿದ ಈ ಮನುಷ್ಯ.

ಗಂಡನ ನಂಬರ್ ಬಾಯಿಪಾಠ ಇಲ್ಲದ ಹೆಣ್ಣುಮಕ್ಕಳಿಗೆ ಇವನ ನಂಬರ್ ಬಾಯಿಪಾಠ. ಮಗಳನ್ನು ನೋಡೋಕೆ ಬರುವ ವರನ ಕಡೆಯವರಿಗೆ ಇವನನ್ನು ಕೇಳಿಯೇ ದಿನ ಕೊಡುತ್ತಾರೆ. ಪಂಚಾಂಗ ಆಮೇಲೆ. ರಾತ್ರಿ ಎರಡಕ್ಕೆ ಇಡೀ ಓಣಿ ಎದ್ದು ಇವನ ದಾರಿ ಕಾಯುತ್ತದೆ. ಕೊಡ, ಬ್ಯಾರಲ್ಲು, ಸಿಂಟೆಕ್ಸು, ಮಕ್ಕಳ ವಾಟರ್ ಬಾಟಲಿ, ದೇವರ ಮನೆಯ ತಂಬಿಗೆ ಎಲ್ಲವೂ ಬಾಯಿ ತೆರೆದು ನಿಂತಿರುತ್ತವೆ. ಬಾರದಿದ್ದರೆ ಇಡೀ ಓಣಿ ಒಟ್ಟಾಗಿ ಅವನ ವಂಶ ಜಾಲಾಡುತ್ತದೆ. ಬಂದನೋ, ‘ಯಣ್ಣಾ, ಚಹಾ ಕುಡದ ಹೋಗೋ.’ ನೀರು ಯಾವಾಗ ಬಿಡಬೇಕು ಅಂತ ತೀರ್ಮಾನಿಸುವ ದೊಡ್ಡವರು ಎಲ್ಲೋ ಎಸಿ ರೂಮಿನಲ್ಲಿ ಇರುತ್ತಾರೆ. ಬೈಗುಳ ಮಾತ್ರ ಕೀಲಿ ಹಿಡಿದವನಿಗೆ.

ಆಯ್ಕೆ ಆದ ಸುದ್ದಿ ಹೇಳೋಕೆ ನಾಲ್ಕು ಜನ ಅವನ ಹತ್ತಿರ ಹೋದರು. ಶಾಲು, ಹಣ್ಣಿನ ಬುಟ್ಟಿ, ಸ್ಟೇಜು, ಎಲ್ಲ ಸಿದ್ಧ ಅಂದರು. ಅವನು ಕೀಲಿ ಕೆಳಗಿಟ್ಟು ಕೇಳಿದನಂತೆ:

‘ಅವತ್ತ ಯಾವ ಏರಿಯಾಕ್ಕ ನೀರಿನ ಸರದಿ ಅದ, ಅದನ್ನ ಮೊದ್ಲ ನೋಡ್ರಿ. ನಿಮ್ಮ ಓಣಿದು ಇದ್ರ ನಾ ಸ್ಟೇಜ್ ಹತ್ತಂಗಿಲ್ಲ. ನಾ ಇಲ್ಲೆ ಕುಂತೀನಿ ಅಂತ ಗೊತ್ತಾದ್ರ ಹಣ್ಣಿನ ಬುಟ್ಟಿ ತೊಗೊಂಡss ಹೊಡೀತಾರ.’