ಅಪ್ಪನಿಗೆ ಬಾಯಾರುವುದಿಲ್ಲ

ಇಪ್ಪತ್ತು ವರ್ಷ ಬೆಳಗಿನ ಜಾವ ಚಿತ್ರದುರ್ಗದ ಕೋಟೆ ಹತ್ತಿ ಇಳಿದ ನಮ್ಮ ತಂದೆಯವರು ಈಗ ಪ್ರತಿ ಮೆಟ್ಟಿಲಿಗೂ ತಲೆ ತಗ್ಗಿಸಿ ತಮ್ಮ ಪಾದವನ್ನೇ ನೋಡಿಕೊಳ್ಳುತ್ತಾರೆ. ಮಂಡಿ ಸವೆದಿದೆಯೆಂದು ನಾವು ತೀರ್ಮಾನಿಸಿದ್ದೆವು. ಮೊದಲು ತೋರಿಸಿದ ವೈದ್ಯರೂ ಮಂಡಿಯ ಎಕ್ಸ್‌ರೇ ತೆಗೆಸಿ, "ವಯಸ್ಸಾಯ್ತಲ್ಲ" ಎಂದು ಕಳುಹಿಸಿದ್ದರು. ಆಮೇಲೆ ಕಂಡ ನರರೋಗ ತಜ್ಞರು ತಟ್ಟಿದರೆ ಕಂಪಿಸುವ ಲೋಹದ ಕವಲುಕಡ್ಡಿಯಾದ ಟ್ಯೂನಿಂಗ್ ಫೋರ್ಕನ್ನು ತಟ್ಟಿ, ಅದರ ಬುಡವನ್ನು ಕಾಲಿನ ಹೆಬ್ಬೆರಳ ಗೆಣ್ಣಿಗೆ ಒತ್ತಿ ಹಿಡಿದು, "ಗುಂಯ್ ಅನ್ನೋದು ನಿಂತಾಗ ಹೇಳಿ ಯಜಮಾನ್ರೇ" ಎಂದರು. ಅಪ್ಪ ತಕ್ಷಣವೇ "ನಿಂತೋತು" ಎಂದರು. ಅದನ್ನೇ ನನ್ನ ಬೆರಳಿಗೆ ತಾಗಿಸಿದಾಗ ಇನ್ನೂ ಜುಮುಜುಮು ಎನ್ನುತ್ತಿತ್ತು.

ಸಕ್ಕರೆ ಕಾಯಿಲೆಯಾಗಲಿ ಬಿ12 ಕೊರತೆಯಾಗಲಿ ಇಲ್ಲವೆಂದು ರಕ್ತಪರೀಕ್ಷೆ ತಿಳಿಸಿತು. ಆ ಕಂಪನದ ಸುದ್ದಿ ಒಯ್ಯುವ, ಸೊಂಟದಿಂದ ಹೆಬ್ಬೆರಳಿನವರೆಗೆ ಹೆಚ್ಚುಕಡಿಮೆ ಒಂದು ಮೀಟರ್ ಸಾಗುವ ನರತಂತುಗಳೇ ದೇಹದಲ್ಲಿ ಅತ್ಯಂತ ಉದ್ದವಾದವು. ವಯಸ್ಸಾದಂತೆ ಅವುಗಳಲ್ಲಿ ಕೆಲವು ನಶಿಸಿ, ಉಳಿದವುಗಳ ಮೇಲೆ ಸುದ್ದಿ ಬೇಗ ಸಾಗಲೆಂದು ಇರುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯೂ ಸವೆದು, ಪಾದ ಎಲ್ಲಿದೆಯೆಂಬ ಸುದ್ದಿ ಮಿದುಳಿಗೆ ತಡವಾಗಿ, ಅರೆಬರೆಯಾಗಿ ತಲುಪುತ್ತದೆ. ಆಗ ಆ ಕೆಲಸವನ್ನು ಕಣ್ಣು ವಹಿಸಿಕೊಳ್ಳುತ್ತದೆ. ಕರೆಂಟ್ ಹೋದ ರಾತ್ರಿ ಬಚ್ಚಲಿಗೆ ಹೊರಟ ಹಿರಿಯರು ಬೀಳುವುದಕ್ಕೆ ಇದೂ ಒಂದು ಕಾರಣ.

ಮುಪ್ಪನ್ನು ನಾವು ಕೂದಲಲ್ಲಿ, ಚರ್ಮದಲ್ಲಿ, ಮಂಡಿಯಲ್ಲಿ ಹುಡುಕುತ್ತೇವೆ. ನರಮಂಡಲ ಮುಪ್ಪಾದದ್ದನ್ನು ಮಾತ್ರ ಸ್ವಭಾವದ ಲೆಕ್ಕಕ್ಕೆ ಹಾಕಿ ಬೈಯುತ್ತೇವೆ ಎಂಬುದು ನನ್ನ ತಕರಾರು. ದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಬಂಡೆಗಳು ಕಾದು ರಾತ್ರಿಯವರೆಗೂ ಝಳ ಬಿಡುವಾಗ, ಅಪ್ಪ ಮಧ್ಯಾಹ್ನದವರೆಗೆ ಒಂದು ಲೋಟ ನೀರೂ ಮುಟ್ಟುತ್ತಿರಲಿಲ್ಲ. "ಎಂಥಾ ಹಟ ನಿಮ್ಮದು" ಎಂದು ಅಮ್ಮ ಎಷ್ಟೋ ವರ್ಷ ಜಗಳವಾಡಿದರು. ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರಿದ್ದನ್ನು ಗುರುತಿಸಿ ಬಾಯಾರಿಕೆ ಹುಟ್ಟಿಸುವ, ಮಿದುಳಿನ ತಳದ ಪುಟ್ಟ ಭಾಗವಾದ ಹೈಪೊಥಲಾಮಸ್ ಇಳಿವಯಸ್ಸಿನಲ್ಲಿ ಮಂದವಾಗುತ್ತದೆ. ಅವರಿಗೆ ನಿಜವಾಗಿಯೂ ಬಾಯಾರುತ್ತಿರಲಿಲ್ಲ.

ಇದೇ ಹೈಪೊಥಲಾಮಸ್ ಮುಪ್ಪಿನ ವೇಗವನ್ನೂ ನಿಯಂತ್ರಿಸುತ್ತಿರಬಹುದೇ ಎಂಬ ಪ್ರಶ್ನೆಯೂ ಇದೆ: ಅಲ್ಲಿನ ಉರಿಯೂತದ ಸಂಕೇತವನ್ನು ತಗ್ಗಿಸಿದಾಗ ಇಲಿಗಳು ಹೆಚ್ಚು ಕಾಲ ಬದುಕಿದವೆಂದು 2013ರಲ್ಲಿ ವರದಿಯಾಯಿತು. 2019ರಲ್ಲಿ ಹಾರ್ವರ್ಡ್‌ನ ಬ್ರೂಸ್ ಯಾಂಕ್ನರ್ ತಂಡ, ದೀರ್ಘಾಯುಷಿಗಳ ಮಿದುಳಿನಲ್ಲಿ ನರಗಳನ್ನು ಉದ್ರೇಕಿಸುವ ವಂಶವಾಹಿಗಳ ಚಟುವಟಿಕೆ ಕಡಿಮೆ ಇತ್ತೆಂದು ತೋರಿಸಿತು. ಇದನ್ನೇ ಹಿಡಿದು "ತಲೆ ಓಡಿಸದಿದ್ದರೆ ಆಯುಷ್ಯ ಹೆಚ್ಚು" ಎಂದು ವಾಟ್ಸಾಪ್‌ನಲ್ಲಿ ಹಂಚುವವರಿದ್ದಾರೆ. ಆ ಸಂಶೋಧನೆ ಹೇಳುವುದು ಅದನ್ನಲ್ಲ; ಅದರ ಮಾತು ನರಗಳ ಉದ್ರೇಕದ ಬಗ್ಗೆ, ಯೋಚಿಸುವುದರ ಬಗ್ಗೆ ಅಲ್ಲ.

ನನ್ನ ಕೋರಿಕೆ ಚಿಕ್ಕದು. ಹಿರಿಯರ ತಪಾಸಣಾ ಶಿಬಿರಗಳಲ್ಲಿ ಕೂರಿಸಿ ಒಮ್ಮೆ ಬಿಪಿ ನೋಡಿ ಕಳುಹಿಸುವ ಬದಲು, ನರಗಳು ಮಂದವಾಗಿ ಎದ್ದಾಗ ಬಿಪಿ ಕುಸಿಯುತ್ತಿದೆಯೇ ಎಂದು ತಿಳಿಯಲು, ಮಲಗಿಸಿ ಒಮ್ಮೆ, ಎದ್ದು ನಿಂತ ಮೇಲೆ ಮತ್ತೊಮ್ಮೆ ನೋಡಲಿ. ಕಾಲ್ಬೆರಳಿಗೆ ಆ ಫೋರ್ಕನ್ನೂ ತಾಗಿಸಲಿ. ಎರಡಕ್ಕೂ ಸೇರಿ ಹತ್ತು ನಿಮಿಷ ಸಾಕು. ನಮ್ಮ ಮನೆಯಲ್ಲಿ ಈಗ ಗಡಿಯಾರ ನೋಡಿ ಅಪ್ಪನಿಗೆ ನೀರು ಕೊಡುತ್ತೇವೆ, ಬಚ್ಚಲ ದಾರಿಯಲ್ಲಿ ರಾತ್ರಿಯಿಡೀ ಬ್ಯಾಟರಿಯ ಸಣ್ಣ ದೀಪವೊಂದು ಉರಿಯುತ್ತಿರುತ್ತದೆ.