ಯುಗಾರಂಭ ಕೋರಿದ ಅರ್ಜಿ ವಜಾ

ಯುಗಗಳು ತಾವಾಗಿಯೇ ಉರುಳುತ್ತವೆ ಎಂದು ನಂಬಿಕೊಂಡವರ ಗಮನಕ್ಕೆ: ಭೂವಿಜ್ಞಾನಿಗಳ ಉಪಸಮಿತಿಯಲ್ಲಿ ಶೇ 60ರಷ್ಟು ಮತ ಬೀಳದೆ ಯಾವ ಯುಗವೂ ಕದಲುವಂತಿಲ್ಲ. 2024ರ ಮಾರ್ಚ್‌ನಲ್ಲಿ ಮನುಷ್ಯಕುಲದ ಅರ್ಜಿ ಬಿದ್ದುಹೋದದ್ದು ಅಲ್ಲಿಯೇ. 'ಹಿಮ ಕರಗಿಸಿದ್ದೇವೆ, ಕಡಲಿಗೆ ಪ್ಲಾಸ್ಟಿಕ್ ಸುರಿದಿದ್ದೇವೆ, ಗಾಳಿಯನ್ನೇ ಕೆಡಿಸಿದ್ದೇವೆ. ಆದ್ದರಿಂದ ನಮ್ಮ ಹೆಸರಿನಲ್ಲೊಂದು ಯುಗ ಮಂಜೂರು ಮಾಡಬೇಕು' ಎಂಬುದು ಅರ್ಜಿಯ ಸಾರ. ಯುಗದ ಹೆಸರು ಆಂಥ್ರೊಪೊಸೀನ್, ಅಂದರೆ ಮನುಷ್ಯಯುಗ.

ಸಾಕ್ಷ್ಯಕ್ಕೇನೂ ಕೊರತೆಯಿರಲಿಲ್ಲ. 2009ರಲ್ಲಿ ನೇಮಕಗೊಂಡ ಕಾರ್ಯತಂಡವು ಹುಡುಕಿ ಹುಡುಕಿ ಕೆನಡಾದ ಕ್ರಾಫರ್ಡ್ ಸರೋವರದ ತಳ ಮುಟ್ಟಿತು. ಅಲ್ಲಿ ವರ್ಷವರ್ಷವೂ ಪದರಗಟ್ಟಿದ ಕೆಸರಿನಲ್ಲಿ ಬಾಂಬ್ ಪರೀಕ್ಷೆಗಳ ಪ್ಲುಟೋನಿಯಂ ಸಿಕ್ಕಿತು. ಯುಗಾರಂಭ 1952 ಎಂದು ತಂಡ ಬರೆದುಕೊಟ್ಟಿತು. ಉಪಸಮಿತಿಯಲ್ಲಿ ಬಿದ್ದದ್ದು ಪರವಾಗಿ 4 ಮತ, ವಿರುದ್ಧ 12. ಬೇಸಾಯ, ಕಾಡು ಕಡಿತ, ಕೈಗಾರಿಕೆ ಎಲ್ಲವನ್ನೂ ಬಿಟ್ಟು 1952ರಿಂದ ಲೆಕ್ಕ ಹಿಡಿಯುವುದು ಯಾವ ನ್ಯಾಯ ಎಂಬ ಆಕ್ಷೇಪಣೆಯಲ್ಲಿ ಹುರುಳಿತ್ತು, ಒಪ್ಪೋಣ. ಆದರೆ ಹುರುಳಿರುವ ಆಕ್ಷೇಪಣೆಯನ್ನು ಹುಡುಕಲು ಹದಿನೈದು ವರ್ಷ ಹಿಡಿಯಿತಲ್ಲ! ನೆಲ ಅಗೆದು ಕೋಟಿ ವರ್ಷ ಎಣಿಸುವವರಿಗೆ ಅದು ಚಹಾ ವಿರಾಮವಿರಬೇಕು.

ಈ ಇಲಾಖೆಯಲ್ಲಿ ಕಡತ ನಿಧಾನವಾಗಿ ಚಲಿಸುವುದು ಹಳೆಯ ಸಂಪ್ರದಾಯ. ಬ್ರಿಟನ್ನಿನ ವೇಲ್ಸ್‌ನ ಹಳೆಯ ಕಲ್ಲಿನ ಪದರಗಳ ಕಾಲಕ್ಕೆ ಭೂವಿಜ್ಞಾನಿ ಸೆಜ್‌ವಿಕ್ ಕೇಂಬ್ರಿಯನ್ ಎಂದರು, ಇನ್ನೊಬ್ಬ ಭೂವಿಜ್ಞಾನಿ ಮರ್ಚಿಸನ್ ಸಿಲೂರಿಯನ್ ಎಂದರು. ನಡುವಿನ ಪದರಗಳು ಇಬ್ಬರಿಗೂ ಬೇಕಾಗಿದ್ದವು. ಗೆಳೆಯರಿಬ್ಬರೂ ಗಡಿತಕರಾರಿನಲ್ಲಿಯೇ ತೀರಿಕೊಂಡರು. 1879ರಲ್ಲಿ ಮತ್ತೊಬ್ಬ ಭೂವಿಜ್ಞಾನಿ ಲ್ಯಾಪ್‌ವರ್ತ್ ಆ ವ್ಯಾಜ್ಯದ ಜಮೀನನ್ನು ಬೇರೆಯೇ ಖಾತೆ ಮಾಡಿ ಆರ್ಡೊವಿಷಿಯನ್ ಎಂದು ಹೆಸರಿಟ್ಟರು. ಅದಕ್ಕೆ ಅಂತರರಾಷ್ಟ್ರೀಯ ಮೊಹರು ಬಿದ್ದದ್ದು 1960ರಲ್ಲಿ.

ಒತ್ತುವರಿಯೂ ಇಲ್ಲಿ ನಡೆಯುತ್ತದೆ. 2009ರಲ್ಲಿ, ನಾವೀಗ ಇರುವ ಕ್ವಾಟರ್ನರಿ ಕಾಲದ ಬೇಲಿಯನ್ನು 18 ಲಕ್ಷ ವರ್ಷದಿಂದ 25.8 ಲಕ್ಷ ವರ್ಷಕ್ಕೆ ಹಿಂದೆ ಸರಿಸಿದರು. ರಾತ್ರೋರಾತ್ರಿ ಸುಮಾರು 8 ಲಕ್ಷ ವರ್ಷ ಕಳೆದುಕೊಂಡ ಪಕ್ಕದ ಹಳೆಯ ಯುಗ ಪ್ಲಿಯೊಸೀನ್ ಯಾವ ಕೋರ್ಟಿಗೆ ಹೋಗಬೇಕು? ಕೇಂಬ್ರಿಯನ್‌ನ ಕೆಲವು ಹಂತಗಳಂತೂ ಐವತ್ತು ಕೋಟಿ ವರ್ಷ ಕಾದಿದ್ದರೂ ಇನ್ನೂ ನಾಮಕರಣವಾಗದೆ, ಕೈದಿಗಳ ಹಾಗೆ ಬರೀ ಸಂಖ್ಯೆಗಳಿಂದ ಗುರುತಿಸಿಕೊಳ್ಳುತ್ತಿವೆ.

ಹಾಗೆಂದು ಅದೃಷ್ಟವಂತರು ಇಲ್ಲವೆಂದಲ್ಲ. ಮೇಘಾಲಯದ ಮಾವ್‌ಮ್ಲುಹ್ ಗುಹೆಯ ಒಂದು ಸುಣ್ಣದ ಕಂಬ 4,200 ವರ್ಷಗಳ ಹಿಂದಿನ ಬರಗಾಲದ ಗುರುತನ್ನು ಮೈಯಲ್ಲಿ ಇಟ್ಟುಕೊಂಡಿತ್ತು. ಅಷ್ಟರಿಂದಲೇ 2018ರಲ್ಲಿ ಇಡೀ ಭೂಮಂಡಲ 'ಮೇಘಾಲಯನ್' ಅವಧಿಗೆ ಸೇರಿಹೋಯಿತು. ಏನೂ ಮಾಡದೆ ತೊಟ್ಟಿಕ್ಕುತ್ತಿದ್ದ ಕಲ್ಲಿಗೆ ಒಂದು ಕಾಲಾವಧಿ. ಅಣುಬಾಂಬು ಸಿಡಿಸಿದ ನಮಗೆ ವಜಾ ಆದೇಶ.

ಇಷ್ಟಾದರೂ ಬಾಂಬಿನ ಮಹಿಮೆಯನ್ನು ಕಾಲಗಣಕರು ಅರಿಯದವರಲ್ಲ. ಇಂಗಾಲದಿಂದ ಹಳೆಯ ವಸ್ತುಗಳ ವಯಸ್ಸು ಅಳೆಯುವವರು 'ಇಂದಿಗೆ ಇಷ್ಟು ವರ್ಷ ಹಿಂದೆ' ಎಂದು ಬರೆಯುವಾಗ ಆ 'ಇಂದು' ಎಂದರೆ 1950. ಅಲ್ಲಿಂದಾಚೆಗೆ ಅಣುಪರೀಕ್ಷೆಗಳು ಗಾಳಿಯ ವಿಕಿರಣ ಇಂಗಾಲದ ಲೆಕ್ಕವನ್ನು ಕಲಕಿಬಿಟ್ಟವು. ಗಡಿಯಾರ ನಿಲ್ಲಿಸಲು ಆ ವರ್ಷವೇ ಅನುಕೂಲವಾಯಿತು. ಹೀಗಾಗಿ 1952ರಲ್ಲಿ ಹೊಸ ಯುಗ ಶುರುವಾಗಲಿಲ್ಲ ಎನ್ನುವುದಕ್ಕೆ ತಾಂತ್ರಿಕ ಕಾರಣವೂ ಒಂದಿದೆ: ಕಡತದ ಪ್ರಕಾರ ಆ ವರ್ಷ ಇನ್ನೂ ಬಂದೇ ಇಲ್ಲ.