ಬೇಸಿಗೆ ಬಂತೆಂದು ನಾಯಿಯನ್ನು ಬೋಳಿಸಬೇಡಿ

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಬಡಾವಣೆಯ ಬೀದಿಗಳಲ್ಲಿ ಬೋಳು ನಾಯಿಗಳು ಕಾಣಿಸಿಕೊಳ್ಳತೊಡಗುತ್ತವೆ. ಪಾಪ, ಸೆಕೆ ತಡೆಯಲಾರದು ಎಂಬ ಕರುಣೆಯಿಂದಲೇ ಜನರು ಪೊಮೆರೇನಿಯನ್, ಗೋಲ್ಡನ್ ರಿಟ್ರೀವರ್‌ಗಳ ಕೂದಲನ್ನು ಚರ್ಮ ಕಾಣುವವರೆಗೆ ತೆಗೆಸುತ್ತಾರೆ. ಕೆಲವು ವರ್ಷಗಳ ಹಿಂದೆ ನಾನೂ ಅದನ್ನೇ ಮಾಡಿದೆ. ನಮ್ಮ ಪೊಮೆರೇನಿಯನ್‌ನ ಬೆನ್ನಿನ ಮೇಲೆ ಮತ್ತೆ ಕೂದಲು ಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು, ಬಂದದ್ದೂ ಮೊದಲಿನಂತಿರಲಿಲ್ಲ.

ಇಂತಹ ನಾಯಿಗಳಿಗೆ ಕೂದಲು ಎರಡು ಪದರವಾಗಿರುತ್ತದೆ. ಮೇಲಿನ ಉದ್ದನೆಯ ಒರಟು ಕೂದಲು ಬಿಸಿಲನ್ನೂ ನೀರನ್ನೂ ತಡೆದರೆ, ಒಳಗಿನ ಹತ್ತಿಯಂತಹ ಮೃದುಗೂದಲು ಹೊರಗಿನ ಚಳಿ, ಶಾಖಗಳು ಮೈಗೆ ನೇರವಾಗಿ ತಟ್ಟದಂತೆ ಕಾಯುತ್ತದೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅದು ಮುಖ್ಯವಾಗಿ ನಾಲಿಗೆ ಚಾಚಿ ತೇಕುತ್ತಲೇ ಬಿಸಿಯನ್ನು ಹೊರಹಾಕುವುದರಿಂದ, ಮೈ ಬರಿದಾದರೆ ತಂಪಾದೀತು ಎಂಬ ನಮ್ಮ ಲೆಕ್ಕ ಅಲ್ಲಿ ನಡೆಯದು. ನಿಜವಾಗಿ ತೊಂದರೆ ಕೊಡುವುದು ಉದುರಿಯೂ ಒಳಗೇ ಸಿಕ್ಕಿಕೊಂಡ ಸತ್ತ ಕೂದಲು. ಅದನ್ನು ತೆಗೆಯಲು ಬೇಕಾದದ್ದು ಬಾಚಣಿಗೆಯೇ ಹೊರತು ಟ್ರಿಮ್ಮರ್ ಅಲ್ಲ.

ಬಾಚುವುದರಲ್ಲಿಯೂ ನಾವು ಮೋಸ ಹೋಗುತ್ತೇವೆ. ಮೇಲೆ ಮೇಲೆ ಬ್ರಷ್ ಆಡಿಸಿದರೆ ನಾಯಿ ಹೊಳೆಯುತ್ತದೆ, ಬುಡದಲ್ಲಿ ಗಂಟು ಹಾಗೆಯೇ ಉಳಿಯುತ್ತದೆ. ಎಡಗೈಯಿಂದ ಕೂದಲನ್ನು ಮೇಲಕ್ಕೆತ್ತಿ ಹಿಡಿದು, ಕೆಳಗೆ ಚರ್ಮದ ಗೆರೆ ಕಾಣುವಂತೆ ಬಿಡಿಸಿ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕೂದಲನ್ನು ಬಾಚುತ್ತ ಮೇಲೇರಬೇಕು. ಕೊನೆಗೆ ಸ್ಟೀಲ್ ಬಾಚಣಿಗೆ ಎಲ್ಲಿಯೂ ತಡೆಯದೆ ಜಾರಿದರೆ ಕೆಲಸ ಮುಗಿದಂತೆ. ಕಿವಿಯ ಹಿಂದೆ, ಕಂಕುಳು, ತೊಡೆಯ ಹಿಂಭಾಗ, ಕೊರಳಪಟ್ಟಿಯ ಕೆಳಗೆ ಗಂಟು ಬೇಗ ಕಟ್ಟುತ್ತದೆ. ಇದೆಲ್ಲ ಸ್ನಾನಕ್ಕೆ ಮೊದಲೇ ಆಗಬೇಕು, ಏಕೆಂದರೆ ನೆನೆದ ಗಂಟು ಒಣಗುವಾಗ ಮತ್ತಷ್ಟು ಬಿಗಿಯುತ್ತದೆ. ನಮ್ಮ ತಲೆಗೆ ಹಾಕುವ ಶಾಂಪೂ ಅವುಗಳ ಚರ್ಮಕ್ಕೆ ಒಗ್ಗುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಲ್ಯಾಬ್ರಡಾರ್‌ನ ಗಿಡ್ಡ ಕೂದಲನ್ನು ನೋಡಿ ಇದಕ್ಕೇನು ಆರೈಕೆ ಎನ್ನುವವರು ತಮ್ಮ ಸೋಫಾವನ್ನೊಮ್ಮೆ ನೋಡಿಕೊಳ್ಳಲಿ; ಅದಕ್ಕೂ ಎರಡು ಪದರಗಳಿವೆ. ಶಿಹ್ ತ್ಸು ತಳಿಯ ಮಾತೇ ಬೇರೆ. ಅದರ ಕೂದಲು ಉದುರುವುದು ಕಡಿಮೆ, ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಅದನ್ನು ಗಿಡ್ಡವಾಗಿ ಕತ್ತರಿಸಿಡುವುದು ತಪ್ಪಲ್ಲ, ಉದ್ದ ಬಿಟ್ಟವರಿಗಂತೂ ದಿನನಿತ್ಯದ ಬಾಚುವಿಕೆ ತಪ್ಪಿದ್ದಲ್ಲ. ಇನ್ನು ನಮ್ಮ ಮುಧೋಳದ ನಾಯಿಯಷ್ಟು ಸುಲಭದ್ದು ಬೇರೊಂದಿಲ್ಲ: ವಾರಕ್ಕೊಮ್ಮೆ ರಬ್ಬರ್ ಕೈಗವಸಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಯಾವ ತಳಿಯದಾದರೂ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ರಕ್ತ ಹೀರುವ ಉಣ್ಣಿ ಸೇರಿದೆಯೇ ಎಂದು ಆಗಲೇ ನೋಡಿಬಿಡಬೇಕು.

ಬೋಳಿಸಲೇಬೇಕಾದ ಸಂದರ್ಭವೂ ಇದೆ. ಗಂಟುಗಳು ಜಡೆಗಟ್ಟಿ ಚರ್ಮವನ್ನೇ ಎಳೆಯುತ್ತಿದ್ದರೆ ಬಾಚುವುದು ಬರಿಯ ಹಿಂಸೆ. ಹಾಗೆಂದು ಮನೆಯ ಕತ್ತರಿಯನ್ನು ಕೈಗೆತ್ತಿಕೊಳ್ಳಬೇಡಿ. ಗಂಟಿನೊಂದಿಗೆ ಮೇಲೆದ್ದ ತೆಳುಚರ್ಮವೂ ಕತ್ತರಿಗೆ ಸಿಗುತ್ತದೆ. ಪಶುವೈದ್ಯರ ಬಳಿಗೆ ಒಯ್ಯಿರಿ.